ಹಿತ್ತಲಿನ ಎರಡು ಬ್ಯಾರಲ್

2012ರ ದೀಪಾವಳಿ. ನೀರು ತುಂಬುವ ಹಬ್ಬದ ದಿನ ಬೆಳಿಗ್ಗೆ ಆರೂವರೆಗೆ ಧಾರವಾಡದ ತವರುಮನೆ ಮುಟ್ಟಿದೆ. ಅವ್ವ ಆಗಲೇ ಹಿತ್ತಲಲ್ಲಿದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ತಾಮ್ರದ ಹಂಡೆಗೆ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದಳು. ನನ್ನ ಮುಖ ನೋಡಿದವಳೇ, "ಬಂದ್ಯಾ? ಲಗೂನ ಚಾ ಕುಡದು ಬಾ. ಬ್ಯಾರಲ್ ತಿಕ್ಕೂದೈತಿ" ಅಂದಳು.

ಆ ಬ್ಯಾರಲ್‌ಗಳ ಸಲುವಾಗಿಯೇ ನಾನು ಒಂದು ದಿನ ಜಾಸ್ತಿ ರಜೆ ಹಾಕಿ ಬಂದಿದ್ದೆ. ತಿಕ್ಕುವುದಕ್ಕಲ್ಲ, ಅವನ್ನು ಮನೆಯಿಂದ ಹೊರಗೆ ಹಾಕುವುದಕ್ಕೆ.

ಎರಡು ತಿಂಗಳ ಹಿಂದೆ ತಮ್ಮನ ಮಗಳಿಗೆ ಡೆಂಗ್ಯೂ ಆಗಿತ್ತು. ಆರು ವರ್ಷದ ಕೂಸು. ಐದು ದಿನ ಆಸ್ಪತ್ರೆಯಲ್ಲಿತ್ತು. ಪ್ಲೇಟ್‌ಲೆಟ್ ಎಷ್ಟಾಯಿತು ಅಂತ ನಾನು ಬೆಂಗಳೂರಿನಿಂದ ದಿನಕ್ಕೆ ಮೂರು ಸಲ ಫೋನ್ ಮಾಡುತ್ತಿದ್ದೆ. ಡಾಕ್ಟರ್ ಮೊದಲು ಕೇಳಿದ್ದೇ, "ಮನೆಯಲ್ಲಿ ನೀರು ತುಂಬಿ ಇಡ್ತೀರೇನು?" ಅಂತ. ಸೊಳ್ಳೆ ಅದಕ್ಕೆ ಎಲ್ಲಿ ಕಚ್ಚಿತೋ ಯಾರಿಗೆ ಗೊತ್ತು. ಶಾಲೆಯಲ್ಲೂ ಕಚ್ಚಿರಬಹುದು. ಆದರೆ ನಮ್ಮ ಹಿತ್ತಲಲ್ಲಿ ಇನ್ನೂರು ಲೀಟರಿನ ಎರಡು ನೀಲಿ ಬ್ಯಾರಲ್ ಕಂಠಮಟ್ಟ ತುಂಬಿಕೊಂಡು ನಿಂತಿದ್ದವು. ಅದೂ ನಾಲ್ಕು ವರ್ಷದಿಂದ ನಳದಲ್ಲಿ 24 ತಾಸೂ ನೀರು ಬರುವ ಮನೆಯಲ್ಲಿ. ತಮ್ಮನ ಹೆಂಡತಿ ಫೋನಿನಲ್ಲಿ ಅಳುತ್ತಾ, "ಅತ್ತಿಯವರಿಗೆ ನೀವರ ಹೇಳ್ರಿ" ಅಂದಿದ್ದಳು. ನನಗೆ ಅವ್ವನ ಮೇಲೆ ಸಿಟ್ಟಿತ್ತು.

ಹುಬ್ಬಳ್ಳಿ-ಧಾರವಾಡದಲ್ಲಿ ಬೆಳೆದವರಿಗೆ ನೀರಿನ ಕಥೆ ಹೇಳಬೇಕಾಗಿಲ್ಲ. ನೀರಸಾಗರ ಜಲಾಶಯದಿಂದ ಒಂದಷ್ಟು, ಸವದತ್ತಿ ಕಡೆಯ ಮಲಪ್ರಭಾ ಡ್ಯಾಮಿನಿಂದ ಒಂದಷ್ಟು ನೀರು ಬರುತ್ತಿತ್ತು. ನಾನು ಹೈಸ್ಕೂಲಿನಲ್ಲಿದ್ದಾಗ ನಮ್ಮ ಓಣಿಗೆ ನಾಲ್ಕೈದು ದಿನಕ್ಕೊಮ್ಮೆ ನಳ ಬರುತ್ತಿತ್ತು. ಬೇಸಿಗೆಯಲ್ಲಿ ಎಂಟು ದಿನ, ಹತ್ತು ದಿನ. ಯಾವ ಹೊತ್ತಿಗೆ ಅಂತ ಗೊತ್ತಿರುತ್ತಿರಲಿಲ್ಲ. ಒತ್ತಡ ಕಡಿಮೆ ಅಂತ ಮನೆ ಮುಂದೆ ತಗ್ಗು ತೋಡಿ, ನೆಲಕ್ಕಿಂತ ಕೆಳಗೆ ನಳ ಕೂಡಿಸಿದ್ದರು. ಅದರೊಳಗೆ ಇಳಿದು, ಕೊಡ ತುಂಬಿ, ಮೇಲೆ ಎತ್ತಿಕೊಡಬೇಕು. ಅವ್ವ ರಾತ್ರಿ ನಳ ತೆರೆದಿಟ್ಟು, ಕೆಳಗೆ ಖಾಲಿ ಕೊಡ ಇಟ್ಟು, ಬಾಗಿಲ ಹತ್ತಿರ ಮಲಗುತ್ತಿದ್ದಳು. ನೀರಿಗಿಂತ ಮೊದಲು ಗಾಳಿ ಬರುತ್ತದೆ. ನಳ ಬುಸ್ ಅಂತ ಉಸಿರು ಬಿಡುತ್ತದೆ. ಆ ಸಪ್ಪಳಕ್ಕೇ ಅವಳಿಗೆ ಎಚ್ಚರ. "ಏಳ್ರಿ, ನೀರು ಬಂದಾವು!" ನಮ್ಮ ಕಡೆ ನೀರಿಗೆ ಬಹುವಚನ. ನೆಂಟರು ಬಂದರು ಅಂದ ಹಾಗೆ ನೀರು ಬಂದಾವು ಅನ್ನುತ್ತೇವೆ.

ಬಂದ ಮೇಲೆ ಎಲ್ಲಕ್ಕೂ ಒಂದು ಕ್ರಮ ಇತ್ತು. ಮೊದಲಿನ ಎರಡು ಕೊಡ ಗಿಡಕ್ಕೆ, ಬಚ್ಚಲಿಗೆ. ಕೆಂಪು ಹೋಗಿ ತಿಳಿ ನೀರು ಬಂದ ಮೇಲೆ ಅರಿಬಿ ಕಟ್ಟಿ ಸೋಸಿ ಕುಡಿಯುವ ನೀರು. ಆಮೇಲೆ ಅಡುಗೆಯದು, ಆಮೇಲೆ ಬ್ಯಾರಲ್, ಕಡೆಗೆ ಬಟ್ಟೆ ಒಗೆಯುವುದಕ್ಕೆ ಕೈಗೆ ಸಿಕ್ಕ ಬುಟ್ಟಿ, ಬಕೀಟು, ಪಾತೇಲಿ ಎಲ್ಲ. ಕುಡಿಯುವ ಕೊಡದಲ್ಲಿ ಕೈ ಅದ್ದಿದರೆ ಬೆನ್ನಿಗೆ ಬೀಳುತ್ತಿತ್ತು. ಎರಡನೇ ಬ್ಯಾರಲ್ ಅಂತೂ ಮುಟ್ಟುವ ಹಾಗೇ ಇರಲಿಲ್ಲ. ಅದನ್ನು ಯಾಕೆ ಮುಟ್ಟಬಾರದು ಅಂತ ನಮಗೆ ಯಾರೂ ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ.

ಈ ಕ್ರಮದಲ್ಲಿ ಒಂದೂ ಸುಮ್ನೆ ಹುಟ್ಟಿದ್ದಲ್ಲ. ನೀರು ನಿಂತಾಗ ಪೈಪು ಖಾಲಿ ಆಗುತ್ತದೆ. ಒಳಗೆ ಒತ್ತಡ ಇಲ್ಲದಾಗ ಬಿರುಕು ಇದ್ದಲ್ಲೆಲ್ಲ ಸುತ್ತಲಿನ ಹೊಲಸು, ಗಟಾರದ ನೀರು ಒಳಗೆ ಹೀರಿಕೊಳ್ಳುತ್ತದೆ. ಐದು ದಿನ ಬಿಟ್ಟು ಬರುವ ಮೊದಲ ನೀರು ಅದನ್ನೆಲ್ಲ ತಳ್ಳಿಕೊಂಡು ಬರುತ್ತದೆ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟ ಅವ್ವನಿಗೆ ಒತ್ತಡದ ಲೆಕ್ಕ ಗೊತ್ತಿರಲಿಲ್ಲ. ಆದರೆ ಮೊದಲಿನ ಎರಡು ಕೊಡ ಕುಡಿಯಬಾರದು ಅನ್ನುವುದು ಗೊತ್ತಿತ್ತು. ನಮ್ಮ ಮನೆಯ ಮಕ್ಕಳನ್ನು ಕಾಮಾಲೆಯಿಂದ, ವಾಂತಿಭೇದಿಯಿಂದ ಕಾಯ್ದದ್ದು ಆ ಎರಡು ಕೊಡದ ನಿಯಮವೇ ಅಂತ ನಾನು ಇವತ್ತಿಗೂ ನಂಬುತ್ತೇನೆ.

2008ರಲ್ಲಿ ಎಲ್ಲ ಬದಲಾಯಿತು. ವಿಶ್ವಬ್ಯಾಂಕಿನ ಸಾಲದ ಯೋಜನೆಯಲ್ಲಿ ಬೆಳಗಾವಿ, ಕಲಬುರಗಿ ಮತ್ತು ಹುಬ್ಬಳ್ಳಿ-ಧಾರವಾಡದ ಕೆಲವು ವಾರ್ಡುಗಳಿಗೆ ದಿನವಿಡೀ ನೀರು ಕೊಡಲು ಶುರು ಮಾಡಿದರು. ನಮ್ಮ ಅವಳಿ ನಗರದ 67 ವಾರ್ಡುಗಳಲ್ಲಿ ಎಂಟಕ್ಕೆ ಬಂತು. ನಾಲ್ಕು ಧಾರವಾಡದಲ್ಲಿ, ನಾಲ್ಕು ಹುಬ್ಬಳ್ಳಿಯಲ್ಲಿ. ನಮ್ಮ ಓಣಿ ಅದರಲ್ಲಿ ಸೇರಿತು. ಹೊಸ ಪೈಪು, ಮನೆಮನೆಗೆ ಮೀಟರ್. ನಳ ತಗ್ಗಿನಿಂದ ಮೇಲೆ ಬಂತು. ಅಪ್ಪ ಆ ತಗ್ಗನ್ನು ಮುಚ್ಚಿಸಿ ಅಲ್ಲಿ ಕರಿಬೇವು ಹಚ್ಚಿದ. ಪೈಪಿನಲ್ಲಿ ಯಾವಾಗಲೂ ಒತ್ತಡ ಇರುವುದರಿಂದ ಹೊರಗಿನ ಹೊಲಸು ಒಳಗೆ ಬರುವ ದಾರಿಯೇ ಮುಚ್ಚಿಹೋಯಿತು.

ಅವ್ವ ಮಾತ್ರ ಬೆಳಿಗ್ಗೆ ಎದ್ದು ನಳ ತೆರೆದು ಎರಡು ಕೊಡ ಕರಿಬೇವಿಗೆ ಸುರಿಯುತ್ತಿದ್ದಳು. ಆಮೇಲೆ ಅರಿಬಿ ಕಟ್ಟಿ ಸೋಸಿ ಕುಡಿಯುವ ನೀರು ತುಂಬುತ್ತಿದ್ದಳು. ಬ್ಯಾರಲ್ ಒಂದು ಗೇಣು ಇಳಿದಿದ್ದರೆ ಮೇಲಿಂದ ಸುರಿದು ಕಂಠಮಟ್ಟ ಮಾಡುತ್ತಿದ್ದಳು. ರಾತ್ರಿ ಎರಡೂವರೆ ಮೂರಕ್ಕೆ ಎಚ್ಚರಾಗುವುದು ನಿಲ್ಲಲಿಲ್ಲ. ಎದ್ದು, ನಳ ತಿರುವಿ, ನೀರು ಬರುತ್ತದಾ ಅಂತ ನೋಡಿ, ಮತ್ತೆ ಮಲಗುವುದು.

ಇದು ಅವಳೊಬ್ಬಳ ಹಟ ಅಂತ ನಾನು ತಿಳಿದಿದ್ದೆ. ಅಲ್ಲ. ಹಿಂದಿನ ವರ್ಷ ಸಂಶೋಧನೆಯವರು ಅಂತ ಇಬ್ಬರು ಹುಡುಗಿಯರು ಸಣ್ಣ ಸಣ್ಣ ಬಾಟಲಿ ಹಿಡಿದು ಓಣಿಗೆ ಬಂದಿದ್ದರಂತೆ. ನಳದ ನೀರು ಒಂದು ಬಾಟಲಿಗೆ, ಮನೆಯಲ್ಲಿ ತುಂಬಿಟ್ಟ ಕುಡಿಯುವ ನೀರು ಇನ್ನೊಂದು ಬಾಟಲಿಗೆ. ಅವ್ವ ಅವರಿಗೆ ಅವಲಕ್ಕಿ ಕೊಟ್ಟು ಕಳಿಸಿದ್ದಳು. 2010ರಿಂದ 2012ರವರೆಗೆ ಅವಳಿ ನಗರದಲ್ಲಿ ಇಂಥ ದೊಡ್ಡ ಅಧ್ಯಯನ ನಡೆದಿತ್ತು. ಅದರ ವರದಿಗಳನ್ನು ನಾನು ಓದಿದ್ದು ಎಷ್ಟೋ ವರ್ಷದ ಮೇಲೆ. ದಿನವಿಡೀ ನೀರು ಬರುವ ವಾರ್ಡುಗಳಲ್ಲೂ ಜನ ಕುಡಿಯುವ ನೀರನ್ನು ತುಂಬಿಟ್ಟುಕೊಂಡೇ ಕುಡಿಯುತ್ತಿದ್ದರು. ನಳದಲ್ಲಿ ಚೊಕ್ಕ ಇದ್ದ ನೀರು ಮನೆಯ ಕೊಡಕ್ಕೆ ಬಂದ ಮೇಲೆ ಅಷ್ಟು ಚೊಕ್ಕ ಉಳಿಯುತ್ತಿರಲಿಲ್ಲ. ಅದನ್ನು ಓದುವಾಗ ಅವ್ವನ ಕೊಡ, ಅದರ ಮೇಲಿನ ತಾಟು, ತಾಟಿನ ಮೇಲೆ ಬೋರಲು ಹಾಕಿದ ತಂಬಿಗೆ ಎಲ್ಲ ಕಣ್ಣಿಗೆ ಬಂತು.

ಹಬ್ಬದ ದಿನಕ್ಕೆ ಬರುತ್ತೇನೆ.

ನರಕ ಚತುರ್ದಶಿಯ ಹಿಂದಿನ ದಿನ ಹಂಡೆ ತಿಕ್ಕಿ, ಸುಣ್ಣ ಕೆಮ್ಮಣ್ಣು ಹಚ್ಚಿ, ಕೊರಳಿಗೆ ಹಿಂಡಲಕಾಯಿ ಬಳ್ಳಿ ಸುತ್ತಿ, ಹೊಸ ನೀರು ತುಂಬಿ ಪೂಜೆ ಮಾಡುತ್ತೇವೆ. ಮರುದಿನ ನಸುಕಿನಲ್ಲಿ ಎಣ್ಣೆಸ್ನಾನ. ನಾವು ಸಣ್ಣವರಿದ್ದಾಗ ನೀರು ತುಂಬುವ ಹಬ್ಬದ ದಿನ ನಳ ಬರುವುದೇ ಅಪರೂಪ. ಆಗ ಅವ್ವ ಮೊದಲೇ ತುಂಬಿಟ್ಟ ಹಂಡೆಗೆ ಒಂದು ತಂಬಿಗೆ ನೀರು ಹಾಕಿ, "ಶಾಸ್ತ್ರಕ್ಕ ಇಷ್ಟ ಸಾಕು, ದೇವ್ರಿಗೆ ಗೊತ್ತಾಗತೈತಿ" ಅನ್ನುತ್ತಿದ್ದಳು. ದೇವರ ನಿಯಮ ಸಡಿಲ ಮಾಡಲು ಅವಳಿಗೆ ಯಾವತ್ತೂ ಕಷ್ಟ ಆಗಿಲ್ಲ. ಅಂಥವಳು ಒಂದು ಪ್ಲಾಸ್ಟಿಕ್ ಬ್ಯಾರಲ್ ವಿಷಯಕ್ಕೆ ಯಾಕೆ ಹೀಗೆ ಹಿಡಿದುಕೂತಿದ್ದಾಳೆ? ಚಾ ಕುಡಿಯುತ್ತಾ ನಾನು ಅದನ್ನೇ ಯೋಚಿಸುತ್ತಿದ್ದೆ.

ಹಿತ್ತಲಿಗೆ ಹೋಗಿ ನೇರ ಹೇಳಿಬಿಟ್ಟೆ. "ಅವ್ವಾ, ಇವತ್ತು ಖಾಲಿ ಮಾಡಿದ ಮ್ಯಾಲೆ ಇವನ್ನ ಮತ್ತ ತುಂಬೂದು ಬ್ಯಾಡ. ಕೂಸಿಗೆ ಏನಾತು ನೋಡಿದೆಲ್ಲ?"

ಅವಳು ತಿಕ್ಕುವುದು ನಿಲ್ಲಿಸಲಿಲ್ಲ. "ನಳ ನಿಂತರ?"

"ನಾಕು ವರ್ಷ ಆತು. ಎಲ್ಲಿ ನಿಂತೈತಿ?"

"ನಾಕು ವರ್ಷ" ಅಂದಳು ಅವ್ವ. ಅಷ್ಟೇ ಅಂದಳು.

ಆ ಮಾತು ನನಗೆ ನಾಟಿತು. ಅವ್ವ ಈ ಮನೆಗೆ ಸೊಸೆಯಾಗಿ ಬಂದದ್ದು 1971ರಲ್ಲಿ. 37 ವರ್ಷ ಆ ನಳ ಅವಳನ್ನು ಕಾಯಿಸಿದೆ, ನಿದ್ದೆಗೆಡಿಸಿದೆ. ಬರುತ್ತೇನೆ ಅಂದ ದಿನ ಬಂದಿಲ್ಲ. ನಾಲ್ಕು ವರ್ಷದಿಂದ ಸರಿಯಾಗಿದೆ. ನಾನು ಬೆಂಗಳೂರಿನಲ್ಲಿ ಕೂತು ನಾಲ್ಕು ವರ್ಷವನ್ನು ಮಾತ್ರ ಲೆಕ್ಕ ಹಿಡಿದಿದ್ದೆ. 37 ವರ್ಷ ಮಾತು ತಪ್ಪಿದವರನ್ನು ನಾಲ್ಕು ವರ್ಷದ ಒಳ್ಳೆಯ ನಡತೆ ನೋಡಿ ನಾವು ನಂಬುತ್ತೇವಾ? ನಂಬುವುದಿಲ್ಲ, ಅಲ್ವಾ. ಮನುಷ್ಯರ ವಿಷಯದಲ್ಲಿ ಇದನ್ನು ಜಾಣತನ ಅನ್ನುತ್ತೇವೆ. ನಳದ ವಿಷಯದಲ್ಲಿ ಮಾತ್ರ ಹಟ ಅನ್ನುತ್ತೇವೆ.

ಆದರೂ ನಾನು ಬಿಡಲಿಲ್ಲ. "ಒಂದರ ಇರಲಿ. ಎರಡನೇದ್ದು ಯಾಕ ಬೇಕು? ಅದನ್ನ ನಾವು ಯಾವತ್ತೂ ಬಳಸೇ ಇಲ್ಲ."

ಅವ್ವ ಆಗ ಕೈ ನಿಲ್ಲಿಸಿದಳು. ಹಂಡೆಯ ಅಂಚಿಗೆ ಕೈ ಊರಿ ಕೂತಳು. "ಅದು ನಮ್ಮದಲ್ಲ, ತಂಗಿ" ಅಂದಳು.

ಅಜ್ಜ ತೀರಿಕೊಂಡದ್ದು ನನಗೆ ಗೊತ್ತು. ಮೇ ತಿಂಗಳು. ನಾನು ಸೂಟಿಗೆ ಸೋದರಮಾವನ ಊರಿಗೆ ಹೋಗಿದ್ದೆ. ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವತ್ತು ನಳ ಬಂದು ಏಳನೇ ದಿನ ಅನ್ನುವುದು ಗೊತ್ತಿರಲಿಲ್ಲ. ಮನೆಯಲ್ಲಿ ಒಂದೇ ಬ್ಯಾರಲ್, ಅದರ ತಳದಲ್ಲಿ ನಾಲ್ಕು ತಂಬಿಗೆ ನೀರು. ಹೆಣಕ್ಕೆ ಸ್ನಾನ ಮಾಡಿಸಬೇಕು. ಮಣ್ಣು ಮಾಡಿ ಬಂದವರೆಲ್ಲ ಮೈ ತೊಳೆದುಕೊಳ್ಳಬೇಕು. ಅವ್ವ ಬಚ್ಚಲ ಬಾಗಿಲಲ್ಲಿ ನಿಂತುಬಿಟ್ಟಿದ್ದಳಂತೆ. ಯಾರನ್ನು ಕೇಳುವುದು? ಎಲ್ಲರ ಮನೆಯಲ್ಲೂ ಏಳನೇ ದಿನವೇ.

"ನಾ ಕೇಳಲಿಲ್ಲ. ತಾವ ತಂದ್ರು" ಅಂದಳು. "ಏಳು ಮನಿಯಿಂದ ಏಳು ಕೊಡ. ಎದುರಿನ ಮನಿ ಅಜ್ಜಿ ಹತ್ರ ಎರಡ ಕೊಡ ಇದ್ದವು. ಆಕಿ ಒಂದು ತಂದು ಇಟ್ಟಳು. ಅವತ್ತ ಆಕಿ ಮನ್ಯಾಗ ಅಡಗಿ ಹೆಂಗ ಮಾಡಿದಳೋ ನನಗ ಇವತ್ತಿಗೂ ಗೊತ್ತಿಲ್ಲ."

ಹದಿಮೂರು ದಿನ ಕಳೆದ ಮೇಲೆ ಅವ್ವ ಎರಡನೇ ಬ್ಯಾರಲ್ ತರಿಸಿದಳು. ಅದನ್ನು ಮನೆಗೆ ಅಂತ ಇಡಲಿಲ್ಲ. ಓಣಿಯಲ್ಲಿ ಸಾವು, ಹೆರಿಗೆ, ಏಕಾಏಕಿ ಬಂದ ನೆಂಟರು, ಯಾವುದೇ ಇರಲಿ, ಆ ಬ್ಯಾರಲ್ಲಿನ ನೀರು ಹೋಗುತ್ತಿತ್ತು. ಈಗ ನೆನಪಿಸಿಕೊಂಡರೆ ನನಗೂ ಕಾಣುತ್ತದೆ. ಹಿತ್ತಲ ಬಾಗಿಲಲ್ಲಿ ಯಾರೋ ಕೊಡ ಹಿಡಿದು ನಿಂತಿರುವುದು, ಅವ್ವ ಮಾತಾಡದೆ ತುಂಬಿಕೊಡುವುದು. ನಾನು ಅದನ್ನು ಅಷ್ಟು ವರ್ಷ ನೋಡಿದ್ದೆ. ಅದಕ್ಕೂ ನಮಗೆ ಮುಟ್ಟಬೇಡಿ ಅನ್ನುವುದಕ್ಕೂ ಸಂಬಂಧ ಇದೆ ಅಂತ ಹೊಳೆದಿರಲಿಲ್ಲ.

"ಈಗ ಯಾರಾದರೂ ಬರ್ತಾರನ ಅವ್ವಾ?"

"ಇಲ್ಲ. ನಾಕು ವರ್ಷದಿಂದ ಒಬ್ಬರೂ ಬಂದಿಲ್ಲ." ಸ್ವಲ್ಪ ಹೊತ್ತು ಬಿಟ್ಟು ಅಂದಳು, "ಬಂದಿಲ್ಲ ಅಂತ ಇಡೂದು ಬಿಟ್ಟರ, ಬಂದಾಗ ಏನ ಮಾಡೂದು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ನಾನು ತಯಾರು ಮಾಡಿಕೊಂಡು ಬಂದಿದ್ದ ಮಾತೆಲ್ಲ ನಳದ ಬಗ್ಗೆ, ಮೀಟರಿನ ಬಗ್ಗೆ, ಸೊಳ್ಳೆಯ ಬಗ್ಗೆ. ಅವಳು ಇಟ್ಟುಕೊಂಡಿದ್ದು ಏಳು ಕೊಡದ ಋಣ. ನಳ ಸುಧಾರಿಸಿದರೆ ಅದು ತೀರುತ್ತದೆಯೇ? ಒಂದು ನಿಯಮ ಯಾಕಿದೆ ಅಂತ ನಾವು ಕೇಳುವಾಗ ಅದರ ಉಪಯೋಗ ಏನು ಅಂತಷ್ಟೇ ಕೇಳುತ್ತೇವೆ. ಅದು ಯಾವ ದಿನ ಹುಟ್ಟಿತು, ಅವತ್ತು ಮನೆಯಲ್ಲಿ ಏನಾಗಿತ್ತು ಅಂತ ಕೇಳುವುದಿಲ್ಲ. ಅಜ್ಜ ತೀರಿಕೊಂಡು ಅಷ್ಟು ವರ್ಷವಾದರೂ ನಾನು ಕೇಳಿರಲಿಲ್ಲ.

ಇಬ್ಬರೂ ಸುಮ್ಮನೆ ಎದ್ದು ಬ್ಯಾರಲ್ ಖಾಲಿ ಮಾಡಲು ಶುರು ಮಾಡಿದೆವು. ಬಕೀಟಿನಿಂದ ಮೊಗೆದು ಗಿಡಗಳಿಗೆ ಹಾಕಿದೆವು. ಮೇಲಿನ ನೀರು ಕನ್ನಡಿಯ ಹಾಗೆ ತಿಳಿಯಾಗಿತ್ತು. ಅರ್ಧಕ್ಕೆ ಬಂದಾಗ ಬ್ಯಾರಲ್ ವಾಲಿಸಿದೆ. ಬಿಸಿಲು ಒಳಗೆ ಬಿತ್ತು. ನೀರೊಳಗೆ ಸಣ್ಣ ಸಣ್ಣ ಹುಳ ಬಳುಕುತ್ತಾ ಮೇಲೆ ಬರುತ್ತಿದ್ದವು, ನೆರಳು ಬಿದ್ದ ಕೂಡಲೇ ಕೆಳಗೆ ಓಡುತ್ತಿದ್ದವು. ನೂರಾರು ಇದ್ದವು. ತಳಕ್ಕೆ ಕೈ ಹಾಕಿದರೆ ಲೋಳೆ. ಒಳಗೋಡೆಯ ಮೇಲೆ ನೀರಿನ ಗುರುತಿನ ಉದ್ದಕ್ಕೂ ಕಪ್ಪು ಚುಕ್ಕಿ, ಎಳ್ಳಿಗಿಂತ ಎಷ್ಟೋ ಸಣ್ಣದು.

ನಾನು ಏನೂ ಹೇಳಲಿಲ್ಲ. ಅವ್ವ ಬಗ್ಗಿ ನೋಡಿದಳು. ಬಹಳ ಹೊತ್ತು ನೋಡಿದಳು. ಬೆರಳಿನಿಂದ ಆ ಲೋಳೆ ತೆಗೆದು, ಉಜ್ಜಿ ನೋಡಿದಳು. ಅವಳ ಮುಖ ಅಷ್ಟು ಸಣ್ಣದಾಗಿದ್ದು ನಾನು ಯಾವತ್ತೂ ನೋಡಿಲ್ಲ.

"ಮೊದಲ ಹಿಂಗ ಆಗ್ತಿರಲಿಲ್ಲ" ಅಂದಳು.

ಅದು ಖರೆ. ಐದು ದಿನಕ್ಕೊಮ್ಮೆ ನೀರು ಬರುತ್ತಿದ್ದಾಗ ಮೊದಲನೇ ಬ್ಯಾರಲ್ ಐದನೇ ದಿನಕ್ಕೆ ತಳ ಕಾಣುತ್ತಿತ್ತು. ಎರಡನೆಯದನ್ನು ಬೇರೆಯವರು ಒಯ್ಯುತ್ತಿದ್ದರು. ಒಯ್ಯದಿದ್ದರೆ ಅವ್ವ ನಳದ ದಿನ ಹಳೆಯದನ್ನು ಬಟ್ಟೆಗೆ ಬಳಸಿ, ತೊಳೆದು, ಹೊಸದು ತುಂಬುತ್ತಿದ್ದಳು. ಡೆಂಗ್ಯೂ ಸೊಳ್ಳೆ ಚೊಕ್ಕ ನೀರು ಇರುವ ಪಾತ್ರೆಯ ಒಳಗೋಡೆಗೆ ಮೊಟ್ಟೆ ಅಂಟಿಸುತ್ತದೆ. ಮೊಟ್ಟೆ ಒಡೆದು, ಹುಳವಾಗಿ, ಸೊಳ್ಳೆಯಾಗಿ ಹಾರಲು ಎಂಟು-ಹತ್ತು ದಿನ ಬೇಕು. ಐದು ದಿನದ ನಳ ಅದಕ್ಕೆ ಅಷ್ಟು ಸಮಯ ಕೊಡುತ್ತಿರಲಿಲ್ಲ. 24 ತಾಸು ನೀರು ಬಂದ ಮೇಲೆ ಎಲ್ಲ ಕೆಲಸಕ್ಕೂ ನಳದ ನೀರೇ ಆಯಿತು. ಬ್ಯಾರಲ್ ಇಳಿಯುವುದೇ ನಿಂತಿತು. ಬಿಸಿಲಿಗೆ ಒಂದು ಗೇಣು ಇಳಿದರೆ ಅವ್ವ ಮೇಲಿಂದ ಸುರಿಯುತ್ತಿದ್ದಳು. ಮೇಲಿನದು ಹೊಸದು, ತಳದಲ್ಲಿ ತಿಂಗಳುಗಟ್ಟಲೆ ಹಳೆಯದು. ಅವ್ವ ಮಾಡಿದ್ದು 37 ವರ್ಷ ಮಾಡಿದ್ದನ್ನೇ, ಅದೇ ಕೈ, ಅದೇ ಬ್ಯಾರಲ್. ಸುತ್ತಲಿನದು ಬದಲಾಗಿದ್ದರಿಂದ ಅದೇ ಕೆಲಸದ ಫಲ ತಿರುಗಿ ಬಿದ್ದಿತ್ತು. ಇದನ್ನು ನಾನು ಫೋನಿನಲ್ಲಿ ನೂರು ಸಲ ಹೇಳಿದ್ದರೂ ಉಪಯೋಗ ಇರಲಿಲ್ಲ. ನನಗೇ ಅದು ಬ್ಯಾರಲ್ ವಾಲಿಸಿದ ಮೇಲೆ ಗೊತ್ತಾಗಿದ್ದು.

ಅವ್ವ ತೆಂಗಿನ ಕತ್ತ ತಗೊಂಡು ಒಳಗೋಡೆ ತಿಕ್ಕಲು ಕೂತಳು. ಆ ಚುಕ್ಕಿಗಳು ಸುಮ್ನೆ ನೀರು ಹಾಕಿದರೆ ಹೋಗುವುದಿಲ್ಲ. ಗಟ್ಟಿಯಾಗಿ ಉಜ್ಜಬೇಕು. ಒಣಗಿದರೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತವೆ. ನಾನು ತಿಕ್ಕುತ್ತೇನೆ ಅಂದರೆ ಬಿಡಲಿಲ್ಲ. ಬಲಭುಜ ನೋಯುತ್ತದೆ ಅಂತ ವರ್ಷದಿಂದ ಎಣ್ಣೆ ಹಚ್ಚಿಸಿಕೊಳ್ಳುತ್ತಿದ್ದವಳು ಎರಡೂ ಬ್ಯಾರಲ್ ತಾನೇ ತಿಕ್ಕಿದಳು. ಆಮೇಲೆ ಬಿಸಿಲಿಗೆ ಬೋರಲು ಹಾಕಿದಳು.

ಸಂಜೆ ಹಂಡೆಗೆ ಹಿಂಡಲಕಾಯಿ ಬಳ್ಳಿ ಸುತ್ತಿ, ನಳದಿಂದ ನೇರ ಹೊಸ ನೀರು ತುಂಬಿದೆವು. ಒಂದು ತಂಬಿಗೆ ಅಲ್ಲ, ಕಂಠಮಟ್ಟ. ಅವ್ವ ಆರತಿ ಬೆಳಗಿದಳು. ಬ್ಯಾರಲ್ ಮಾತು ಅವಳೂ ತೆಗೆಯಲಿಲ್ಲ, ನಾನೂ ತೆಗೆಯಲಿಲ್ಲ. ರಾತ್ರಿ ಮೂರಕ್ಕೆ ಎದ್ದು ನಳ ತಿರುವಿ ನೋಡಿದ್ದು ನನಗೆ ಕೇಳಿಸಿತು.

ಮರುದಿನ ಎಣ್ಣೆ ಹಚ್ಚಿಕೊಂಡು ಕೂತಾಗ ಅವಳೇ ಕೇಳಿದಳು. "ನಿಮ್ಮಕ್ಕನ ಕಡೆ ಈಗ ನೀರು ಎಷ್ಟ ದಿನಕ್ಕ?"

ಅಕ್ಕ ಹುಬ್ಬಳ್ಳಿಯಲ್ಲಿ. ಅವಳ ವಾರ್ಡು ಆ ಎಂಟರಲ್ಲಿ ಇರಲಿಲ್ಲ. "ಎಂಟು ದಿನಕ್ಕಂತ."

"ಆಕಿ ಮನ್ಯಾಗ ಬ್ಯಾರಲ್ ಎಷ್ಟ ಅದಾವು?"

"ಒಂದು. ಅದೂ ಸೀಳೈತಿ."

ಅವ್ವ ಹೂಂ ಅಂದಳು. ಪಾಡ್ಯ ಮುಗಿದ ಮರುದಿನ ತಮ್ಮನಿಗೆ ಗೂಡ್ಸ್ ಆಟೋ ತರಿಸಲು ಹೇಳಿದಳು. ಎರಡೂ ಬ್ಯಾರಲ್ಲಿಗೆ ಹಗ್ಗ ತಾನೇ ಬಿಗಿದಳು. ಗಾಡಿಯ ಹುಡುಗನಿಗೆ, "ಕೆಡವಬ್ಯಾಡಪಾ, ಭಾಳ ವರ್ಷದ್ದು" ಅಂದಳು. ನಾನೂ ಅವಳೂ ಬಸ್ಸಿನಲ್ಲಿ ಹೋದೆವು. ಹುಬ್ಬಳ್ಳಿಗೆ ಇಪ್ಪತ್ತು ಕಿಲೋಮೀಟರ್. ದಾರಿಯುದ್ದಕ್ಕೂ ಅವಳು ಹೆಚ್ಚು ಮಾತಾಡಲಿಲ್ಲ.

ಅಕ್ಕನ ಮನೆಯಲ್ಲಿ ನಳ ಆಗ ಇನ್ನೂ ತಗ್ಗಿನಲ್ಲೇ ಇತ್ತು. ಅವ್ವ ಅದರ ದಂಡೆಯ ಮೇಲೆ ಕೂತು ಅಕ್ಕನಿಗೆ ಹೇಳತೊಡಗಿದಳು. "ಮೊದಲಿನ ಎರಡು ಕೊಡ ಗಿಡಕ್ಕ. ಕೆಂಪು ಹೋದ ಮ್ಯಾಲೆ ಸೋಸಿ ಕುಡಿಯೂದು. ಆಮ್ಯಾಲೆ ಬ್ಯಾರಲ್. ನಳ ಬಂದ ದಿನ ಹಳೇದು ಪೂರಾ ತಗದು ಗ್ವಾಡಿ ತಿಕ್ಕಬೇಕು. ಮ್ಯಾಲೆ ಮ್ಯಾಲೆ ಸುರೀಬ್ಯಾಡ. ಬಾಯಿಗೆ ಅರಿಬಿ ಕಟ್ಟು."

"ಗ್ವಾಡಿ ತಿಕ್ಕೂದು ಯಾವಾಗಿಂದ ಅವ್ವಾ?"

"ಮೊನ್ನಿಂದ."

ಆಮೇಲೆ ಎರಡನೇ ಬ್ಯಾರಲ್ ಕಡೆ ಕೈ ತೋರಿಸಿ, "ಇದು..." ಅಂದಳು.

"ಗೊತ್ತೈತಿ ಅವ್ವಾ" ಅಂದಳು ಅಕ್ಕ. ಅಜ್ಜ ತೀರಿಕೊಂಡ ದಿನ ಅವಳು ಮನೆಯಲ್ಲೇ ಇದ್ದಳು. "ಇದು ನಮ್ಮದಲ್ಲ."

ಅವತ್ತು ರಾತ್ರಿ ಅಲ್ಲೇ ಉಳಿದೆವು. ಎರಡೂವರೆಗೆ ನಳ ಬುಸ್ ಅಂದಿತು. ಮೊದಲು ಎದ್ದವಳು ಅವ್ವ.